ನಾಣ್ಯ ಕೂಡಿಟ್ಟವರ ಕಸುಬು

ಹಳೆಯ ನಾಣ್ಯಗಳನ್ನು ಕೂಡಿಡುವವರು ಹೊಟ್ಟೆಪಾಡಿಗೆ ಏನು ಮಾಡುತ್ತಾರೆ? ಮೇಲುನೋಟಕ್ಕೆ ಇದು ಬರಿಯ ಕುತೂಹಲದ ಪ್ರಶ್ನೆ. ಆದರೆ ಹೊಸಪೇಟೆ, ಹಂಪೆ, ಸಂಡೂರು, ಕಂಪ್ಲಿಗಳ ನೆಲದ ಮೇಲೆ ನಿಂತು ಕೇಳಿದಾಗ ಅದು ಇತಿಹಾಸದ ಪ್ರಶ್ನೆಯೇ ಆಗಿಬಿಡುತ್ತದೆ. ವಿಜಯನಗರದ ನಾಣ್ಯಗಳನ್ನು ಕುರಿತು ಇಂದು ನಾವು ಬಲ್ಲ ಸಂಗತಿಗಳಲ್ಲಿ ಹೆಚ್ಚಿನವು, ನಾಣ್ಯದಿಂದ ಜೀವನ ನಡೆಸದೆ ಬೇರೆ ಕಸುಬಿನ ಅನ್ನ ಉಂಡವರು ತಮ್ಮ ಬಿಡುವಿನ ವೇಳೆಯಲ್ಲಿ ಸಂಪಾದಿಸಿಕೊಟ್ಟವು. ನಾಣ್ಯವನ್ನೇ ನಂಬಿ ಬದುಕಿದವರ ಕೈಯಲ್ಲಾದರೋ ಅದೇ ನಾಣ್ಯಗಳು ಎಷ್ಟೋ ಕರಗಿ ನೀರಾದವು. ಈ ವೈಪರೀತ್ಯ ಹೇಗೆ ಬಂತು, ಅದರಿಂದ ನಮಗೆ ಆದ ಲಾಭವೇನು, ನಷ್ಟವೇನು ಎಂಬುದನ್ನು ತುಸು ವಿಚಾರಿಸೋಣ.

ಮೊದಲು ನಾಣ್ಯ ಜೀವಂತವಾಗಿದ್ದ ಕಾಲವನ್ನು ನೆನೆಯಬೇಕು. 1443ರಲ್ಲಿ ವಿಜಯನಗರಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕ್ ಇಲ್ಲಿಯ ನಾಣ್ಯಪದ್ಧತಿಯನ್ನು ಲೆಕ್ಕ ತಪ್ಪದಂತೆ ಬರೆದಿಟ್ಟಿದ್ದಾನೆ. ಚಿನ್ನದ ವರಹ, ಅದರ ಅರ್ಧ ಪ್ರತಾಪ, ಪ್ರತಾಪದ ಹತ್ತನೆಯ ಒಂದು ಪಾಲು ಹಣ. ಹಣದ ಆರನೆಯ ಒಂದು ಪಾಲು ಬೆಳ್ಳಿಯ ತಾರ. ತಾರದ ಮೂರನೆಯ ಒಂದು ಪಾಲು ತಾಮ್ರದ ಜೀತಲ್. ಅಂದರೆ ಒಂದು ವರಹಕ್ಕೆ 20 ಹಣ, 120 ತಾರ, 360 ಜೀತಲ್. ಇವೆಲ್ಲದರಲ್ಲಿ ಬಳಕೆಗೆ ಅತ್ಯಂತ ಒದಗಿಬರುವುದು ಹಣವೇ ಎಂದೂ ಅವನು ಹೇಳುತ್ತಾನೆ. ಪ್ರಾಂತಗಳ ಹುಟ್ಟುವಳಿ ಟಂಕಸಾಲೆಗೆ ಬಂದು ಬೀಳುತ್ತಿತ್ತು. ಸೈನಿಕರಿಗೆ ನಾಲ್ಕು ತಿಂಗಳಿಗೊಮ್ಮೆ ಅಲ್ಲಿಂದಲೇ ಸಂಬಳ. ಹೀಗೆ ರಾಜ್ಯದ ರಕ್ತಪರಿಚಲನೆಯೆಲ್ಲ ಕಮ್ಮಟದ ಮೂಲಕವೇ ನಡೆಯುತ್ತಿತ್ತು ಎನ್ನಬಹುದು.

ಆ ಕಮ್ಮಟವನ್ನು ನೆಚ್ಚಿ ಬದುಕಿದವರು ಒಬ್ಬಿಬ್ಬರಲ್ಲ. ಚಿನ್ನ ಕರಗಿಸುವವರು, ತೂಗುವವರು, ಅಚ್ಚು ಕೊರೆಯುವವರು, ಅಚ್ಚಿನ ನಡುವೆ ಬಿಲ್ಲೆಯಿಟ್ಟು ಸುತ್ತಿಗೆಯಿಂದ ಹೊಡೆಯುವವರು; ಪೇಟೆಗೆ ಬಂದರೆ ಒರೆಗಲ್ಲಿನ ಮೇಲೆ ಉಜ್ಜಿ ಬೆಲೆ ಕಟ್ಟುವ ಚಿನಿವಾರರು. ಅವರ ಕಣ್ಣಿಗೆ ನಾಣ್ಯವೆಂದರೆ ತೂಕ ಮತ್ತು ಬಣ್ಣ. ಮೂರೂವರೆ ಗ್ರಾಮಿಗೆ ತುಸು ಕಡಿಮೆಯಿರುವ ಆ ವರಹದ ಮೇಲೆ ಉಮಾಮಹೇಶ್ವರರಿದ್ದಾರೆಯೋ ಲಕ್ಷ್ಮೀನಾರಾಯಣರಿದ್ದಾರೆಯೋ ಎಂಬುದು ಭಕ್ತಿಯ ವಿಷಯವಾಗಿತ್ತೇ ಹೊರತು ವ್ಯಾಪಾರದ ವಿಷಯವಾಗಿರಲಿಲ್ಲ.

1565ರಲ್ಲಿ ರಾಜಧಾನಿ ಹಾಳಾಯಿತು. ಆದರೆ ವರಹ ಹಾಳಾಗಲಿಲ್ಲ. ಅರವೀಡು ವಂಶದ ಅರಸರು ಅದನ್ನು ಮುಂದುವರಿಸಿದರು. ನಾಯಕರೂ ಮೈಸೂರಿನವರೂ ಕೊನೆಗೆ ಯುರೋಪಿನ ಕಂಪನಿಗಳೂ ಅದರ ತೂಕವನ್ನೇ ಅನುಸರಿಸಿ ತಮ್ಮ ತಮ್ಮ ವರಹಗಳನ್ನು ಅಚ್ಚುಹಾಕಿಸಿದರು. ಸಾಮ್ರಾಜ್ಯ ಅಳಿದ ಮೇಲೂ ಎರಡೂವರೆ ಶತಮಾನ ಅದರ ನಾಣ್ಯದ ಮಾದರಿ ಆಳಿತು. 1818ರಲ್ಲಿ ಇಂಗ್ಲಿಷ್ ಕಂಪನಿ ಮದ್ರಾಸ್ ಆಧಿಪತ್ಯದಲ್ಲಿ ಬೆಳ್ಳಿಯ ರೂಪಾಯಿಯನ್ನೇ ಮೂಲಮಾನವೆಂದು ಗೊತ್ತುಮಾಡಿ, 100 ವರಹಗಳಿಗೆ 350 ರೂಪಾಯಿ ಎಂದು ದರ ಕಟ್ಟಿತು. ಬಳ್ಳಾರಿ ಸೀಮೆ ಆಗ ಮದ್ರಾಸಿಗೆ ಸೇರಿತ್ತು. ಅಲ್ಲಿಂದಾಚೆಗೆ ಕ್ರಮೇಣ ವರಹ ಹಣವಾಗಿ ಉಳಿಯದೆ ಬರಿಯ ಚಿನ್ನವಾಯಿತು. ಚಲಾವಣೆ ತಪ್ಪಿದ ನಾಣ್ಯಕ್ಕೆ ಎರಡೇ ದಾರಿ: ಒಂದು ಅಕ್ಕಸಾಲೆಯ ಮೂಸೆ, ಇನ್ನೊಂದು ಸಂಗ್ರಾಹಕನ ಪೆಟ್ಟಿಗೆ. ಮೂಸೆಯ ದಾರಿ ಹೆದ್ದಾರಿ, ಪೆಟ್ಟಿಗೆಯದು ಕಾಲುದಾರಿ. ಮಗಳ ಮದುವೆಗೆ ಓಲೆ ಮಾಡಿಸಬೇಕಾದ ಒಕ್ಕಲಿಗನಿಗೆ, ಕೆಲಸ ಮಾಡಿಕೊಟ್ಟು ಕೂಲಿ ಪಡೆಯುವ ಅಕ್ಕಸಾಲಿಗೆ, ಇತಿಹಾಸವನ್ನು ಕರಗಿಸಿದರೆಂದು ದೋಷ ಹೊರಿಸುವುದು ನ್ಯಾಯವಲ್ಲ. ಚಿನ್ನ ಅವರಿಗೆ ಆಪದ್ಧನ. ಅದರ ಮೇಲಿನ ಅಕ್ಷರ ಅವರಿಗೆ ಅನ್ನ ಕೊಡುತ್ತಿರಲಿಲ್ಲ.

ಆ ಕಾಲುದಾರಿಯನ್ನು ಹಿಡಿದವರು ಯಾರು? ಮೊದಲ ಹೆಸರು ಕರ್ನಲ್ ಕಾಲಿನ್ ಮೆಕೆಂಜಿಯವರದು. ಅವರು ವೃತ್ತಿಯಿಂದ ಸೈನ್ಯದ ಇಂಜಿನಿಯರು, ಮೋಜಣಿಯ ಅಧಿಕಾರಿ. ಶ್ರೀರಂಗಪಟ್ಟಣ ಬಿದ್ದ 1799ರಲ್ಲಿಯೇ ಹಂಪೆಯ ಅವಶೇಷಗಳ ನಕ್ಷೆ ತಯಾರಾದದ್ದು ಅವರ ಮೇಲ್ವಿಚಾರಣೆಯಲ್ಲಿ. 1815ರಲ್ಲಿ ಅವರು ಭಾರತದ ಸರ್ವೇಯರ್ ಜನರಲ್ ಆದರು, 1821ರಲ್ಲಿ ತೀರಿಕೊಂಡರು. ಅವರ ಸಂಗ್ರಹಕ್ಕೆ ವಿಲ್ಸನ್ 1828ರಲ್ಲಿ ಪ್ರಕಟಿಸಿದ ವಿವರಪಟ್ಟಿ 6218 ನಾಣ್ಯಗಳನ್ನು ಲೆಕ್ಕ ಕೊಡುತ್ತದೆ. ಹಳ್ಳಿಹಳ್ಳಿ ತಿರುಗುವುದೇ ಮೋಜಣಿದಾರನ ಕಸುಬು. ಶಾಸನ, ಕೈಫಿಯತ್ತು, ನಾಣ್ಯ ಎಲ್ಲವೂ ಆ ತಿರುಗಾಟದ ಫಲ. ಅವರ ಬೆನ್ನಿಗೆ ಕಾವಲಿ ವೆಂಕಟ ಬೋರಯ್ಯ ಮತ್ತು ಅವರ ತಮ್ಮಂದಿರಂಥ ನಮ್ಮ ದೇಶದ ವಿದ್ವಾಂಸರು ಇದ್ದರು. ಊರವರ ನಂಬಿಕೆ ಗಳಿಸಿ, ಅವರ ಮಾತಿನಲ್ಲಿ ಮಾತಾಡಿ, ಹಳೆಯ ಲಿಪಿಗಳನ್ನು ಓದಿಸಿದವರು ಇವರೇ. ಸಂಗ್ರಹಕ್ಕೆ ಹೆಸರು ಮಾತ್ರ ಅಧಿಕಾರಿಯದಾಯಿತು.

ಎರಡನೆಯವರು ಸರ್ ವಾಲ್ಟರ್ ಎಲಿಯಟ್. ಮದ್ರಾಸಿನ ಸಿವಿಲ್ ಸರ್ವಿಸಿಗೆ ಸೇರಿದ ಈ ತರುಣ ಅಧಿಕಾರಿ 1824ರಲ್ಲಿ, ಕಿತ್ತೂರಿನ ಬಾಗಿಲಲ್ಲಿ ಕಲೆಕ್ಟರ್ ಥ್ಯಾಕರೆ ಹತನಾದಾಗ, ಚೆನ್ನಮ್ಮನ ಪಡೆಯ ಕೈಗೆ ಸೆರೆಸಿಕ್ಕವರಲ್ಲಿ ಒಬ್ಬರು. ಸೆರೆಯಿಂದ ಬಿಡುಗಡೆಯಾದ ಮೇಲೆ ಅದೇ ಧಾರವಾಡ ಸೀಮೆಯಲ್ಲಿ ವರ್ಷಗಟ್ಟಲೆ ಕೆಲಸ ಮಾಡುತ್ತ ಕನ್ನಡ ಶಾಸನಗಳ ಪ್ರತಿಗಳನ್ನು ನೂರುಗಟ್ಟಲೆ ಸಂಗ್ರಹಿಸಿದರು. ಜೊತೆಗೆ ನಾಣ್ಯಗಳನ್ನೂ ಕೂಡಿಟ್ಟರು. ಕಣ್ಣು ಬಹುಮಟ್ಟಿಗೆ ಕಾಣದಾಗಿದ್ದ ಮುಪ್ಪಿನಲ್ಲಿ ಅವರು ದಕ್ಷಿಣ ಭಾರತದ ನಾಣ್ಯಗಳನ್ನು ಕುರಿತ ಗ್ರಂಥವನ್ನು ಮುಗಿಸಿದರು. ಅದು ಅಚ್ಚಾದದ್ದು 1886ರಲ್ಲಿ. ಅವರು ತೀರಿಕೊಂಡದ್ದು 1887ರಲ್ಲಿ. ಕಂದಾಯದ ಅಧಿಕಾರಿಗೆ ಸಂಬಳ ಕೊಟ್ಟದ್ದು ಸರ್ಕಾರ. ಆದರೆ ಇಂದು ಅವರ ಹೆಸರನ್ನು ಉಳಿಸಿರುವುದು ಕಂದಾಯದ ಕಡತಗಳಲ್ಲ.

ಇವರ ನಂತರದ ಸಾಲನ್ನು ನೋಡಿದರೆ ಕಸುಬುಗಳ ಒಂದು ಸಂತೆಯೇ ಕಾಣಿಸುತ್ತದೆ. ವರಹಗಳನ್ನು ಕುರಿತು 1883ರಲ್ಲಿ ಬರೆದ ಜಾರ್ಜ್ ಬಿಡಿ ಸೈನ್ಯದ ವೈದ್ಯರು. ಮದ್ರಾಸಿನ ವಸ್ತುಸಂಗ್ರಹಾಲಯವನ್ನು ನೋಡಿಕೊಳ್ಳುತ್ತಿದ್ದವರು. ತಿರುನೆಲ್ವೇಲಿಯ ನಾಣ್ಯಗಳ ಮೇಲೆ 1888ರಲ್ಲಿ ಪುಸ್ತಕ ಬರೆದ ಲೋವೆಂಥಾಲ್ ಕ್ರೈಸ್ತ ಪಾದ್ರಿ. ದಕ್ಷಿಣ ಭಾರತದ ಸಂಗ್ರಾಹಕರಿಗೆಂದೇ 1889ರಲ್ಲಿ ಕೈಪಿಡಿ ಹೊರತಂದ ಟಫ್ನೆಲ್ ಸೈನ್ಯದ ಕ್ಯಾಪ್ಟನ್. 1891ರಲ್ಲಿ ವಿಜಯನಗರದ ಅರಸರ ನಾಣ್ಯಗಳನ್ನು ಕ್ರಮವಾಗಿ ವಿವರಿಸಿದ ಹುಲ್ಷ್ ಸರ್ಕಾರದ ಶಾಸನತಜ್ಞರು. 1894ರಲ್ಲಿ ಅದೇ ಅರಸರ ಇನ್ನಷ್ಟು ನಾಣ್ಯಗಳನ್ನು ಬೆಳಕಿಗೆ ತಂದವರು ಇಬ್ಬರು ಭಾರತೀಯರು, ಟಿ. ಎಂ. ರಂಗಾಚಾರಿ ಮತ್ತು ಟಿ. ದೇಶಿಕಾಚಾರಿ. ಇವರಲ್ಲಿ ದೇಶಿಕಾಚಾರಿಯವರು ತಿರುಚಿರಾಪಳ್ಳಿಯ ಹೆಸರಾಂತ ವಕೀಲರು. ದಕ್ಷಿಣ ಭಾರತದ ನಾಣ್ಯಗಳ ಮೇಲಿನ ಅವರ ಪುಸ್ತಕ ಪ್ರಕಟವಾದದ್ದು 1933ರಲ್ಲಿ. ಕನ್ನಡ ನಾಡಿನಲ್ಲಿ ಈ ವಿದ್ಯೆ ವಿಶ್ವವಿದ್ಯಾನಿಲಯದ ಅಂಗಳಕ್ಕೆ ಬಂದಾಗ, 1975ರಲ್ಲಿ ಕರ್ನಾಟಕದ ನಾಣ್ಯಗಳನ್ನು ಕುರಿತು ಇಂಗ್ಲಿಷಿನಲ್ಲಿ ಗ್ರಂಥ ರಚಿಸಿದ ಎ. ವಿ. ನರಸಿಂಹಮೂರ್ತಿಯವರು ಮೈಸೂರಿನ ಅಧ್ಯಾಪಕರು. ಮೋಜಣಿದಾರ, ಕಂದಾಯದ ಅಧಿಕಾರಿ, ವೈದ್ಯ, ಪಾದ್ರಿ, ಸಿಪಾಯಿ, ವಕೀಲ, ಮೇಷ್ಟ್ರು: ನಾಣ್ಯಶಾಸ್ತ್ರ ಇವರೆಲ್ಲರ ಎರಡನೆಯ ಹೊತ್ತಿನ ದುಡಿಮೆಯಿಂದ ಬೆಳೆಯಿತು.

ಇದನ್ನು ಹೊಗಳಿ ಸುಮ್ಮನಾಗುವಂತಿಲ್ಲ. ಕಸುಬು ಯಾವುದೋ ಕಣ್ಣೂ ಅದೇ. ಕಲೆಕ್ಟರನ ಬಳಿಗೆ ಬರುತ್ತಿದ್ದುದು ನಿಧಿಯಾಗಿ ಸಿಕ್ಕ ಚಿನ್ನ. ಊರೂರು ಅಲೆಯುತ್ತಿದ್ದ ಪಾದ್ರಿಯ ಚೀಲಕ್ಕೆ ಬೀಳುತ್ತಿದ್ದುದು ಸಂತೆಯ ತಾಮ್ರ. ದೊಡ್ಡ ಸಂಗ್ರಹಗಳು ಕಟ್ಟಿಕೊಂಡದ್ದು ಮದ್ರಾಸಿನಲ್ಲಿ, ಲಂಡನ್ನಿನಲ್ಲಿ. ಅಲ್ಲಿಗೆ ಹೋಗುವ ಹೊತ್ತಿಗೆ ನಾಣ್ಯದ ಮುಖ ಉಳಿದಿರುತ್ತಿತ್ತು, ಊರು ಅಳಿಸಿಹೋಗಿರುತ್ತಿತ್ತು. ಯಾವ ಹೊಲದಲ್ಲಿ, ಯಾವ ಮಡಕೆಯಲ್ಲಿ, ಬೇರೆ ಯಾವ ನಾಣ್ಯಗಳೊಡನೆ ಸಿಕ್ಕಿತೆಂಬುದನ್ನು ಕೇಳುವವರು ವಿರಳ. ಕೊಂಡವನಿಗೆ ಮಾರಿದವನು ಹೇಳಿದ್ದೇ ವೇದ.

ಸಿಕ್ಕ ಊರು ತಿಳಿದರೆ ನಾಣ್ಯ ಎಷ್ಟು ಮಾತಾಡಬಲ್ಲದು ನೋಡಿ. ಕಂಪ್ಲಿಯ ಹೆಸರು ಹನ್ನೊಂದನೆಯ ಶತಮಾನದ ಚೋಳ ಶಾಸನಗಳಲ್ಲಿಯೇ ಕೇಳಿಬರುತ್ತದೆ. 1327ರಲ್ಲಿ ದೆಹಲಿಯ ಸೇನೆಗೆ ಬಲಿಯಾದ ಕಂಪಿಲರಾಯನ ರಾಜ್ಯಕ್ಕೆ ಹೆಸರು ಕೊಟ್ಟ ಊರೂ ಅದೇ. ಅಲ್ಲಿಯ ನೆಲದಲ್ಲಿ ಚಾಲುಕ್ಯರ ಅಥವಾ ಸೇವುಣರ ಒಂದು ನಾಣ್ಯ ಸಿಕ್ಕರೆ ಅದು ಹೊಳೆದಾಟಿನ ಹಳೆಯ ಪೇಟೆಯೊಂದರ ಸಾಕ್ಷಿ. ಅದೇ ನಾಣ್ಯ ಹಂಪೆಯ ಅರಮನೆಯ ಆವರಣದಲ್ಲಿ ವಿಜಯನಗರದ ಹಣಗಳೊಡನೆ ಬೆರೆತು ಸಿಕ್ಕರೆ, ಹಳೆಯ ಚಿನ್ನ ಹೊಸ ರಾಜ್ಯದಲ್ಲಿಯೂ ಸಲ್ಲುತ್ತಿತ್ತೆಂದು ಊಹಿಸಬೇಕಾಗುತ್ತದೆ. ಸಂಡೂರಿನ ಬೆಟ್ಟದ ಕುಮಾರಸ್ವಾಮಿ ಕ್ಷೇತ್ರದ ದಾರಿಯಲ್ಲಿ ಸಿಕ್ಕರೆ ಯಾತ್ರಿಕನ ಕಾಣಿಕೆಯ ನೆನಪಾಗುತ್ತದೆ. ನಾಣ್ಯ ಒಂದೇ, ಅರ್ಥ ಮೂರು. ತಕ್ಕಡಿಯ ಮೇಲೆ ಮಾತ್ರ ಅರ್ಥ ಒಂದೇ.

ಕೃಷ್ಣದೇವರಾಯನ ವರಹದ ಮೇಲೆ ಕುಳಿತಿರುವ ಬಾಲಕೃಷ್ಣನನ್ನೇ ತೆಗೆದುಕೊಳ್ಳಿ. ಬರಿಯ ನಾಣ್ಯವನ್ನು ಕಂಡವನಿಗೆ ಅದೊಂದು ಮುದ್ದಾದ ಮೂರ್ತಿ. ಉದಯಗಿರಿಯನ್ನು ಗೆದ್ದ ರಾಯನು ಅಲ್ಲಿಂದ ಬಾಲಕೃಷ್ಣನ ವಿಗ್ರಹವನ್ನು ತಂದು, 1515ರಲ್ಲಿ ಹಂಪೆಯ ಕೃಷ್ಣಗುಡಿಯಲ್ಲಿ ಪ್ರತಿಷ್ಠೆ ಮಾಡಿಸಿದನೆಂಬುದು ಶಾಸನದ ಸಂಗತಿ. ಗುಡಿಯ ಕಲ್ಲಿನ ಬರಹವನ್ನೂ ಅಂಗೈಯ ಚಿನ್ನವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದವನಿಗೆ ಆ ಮೂರ್ತಿಯಲ್ಲಿ ಒಂದು ದಂಡಯಾತ್ರೆಯ ಗೆಲುವು ಕಾಣಿಸುತ್ತದೆ. ಅಚ್ಯುತರಾಯನ ನಾಣ್ಯದಲ್ಲಿ ಆನೆಗಳನ್ನು ಕೊಕ್ಕಿನಲ್ಲಿಯೂ ಉಗುರಿನಲ್ಲಿಯೂ ಹಿಡಿದ ಗಂಡಭೇರುಂಡವಿದೆ. ಇಮ್ಮಡಿ ದೇವರಾಯನ ತಾಮ್ರದ ಕಾಸಿನಲ್ಲಿ ಆನೆಯಿದೆ. ಒಂದೊಂದೂ ಅರಸನು ತನ್ನನ್ನು ಜನರಿಗೆ ತೋರಿಸಿಕೊಂಡ ಬಗೆ. ಒಂದು ವರಹ ಕರಗಿದಾಗ ಅಷ್ಟು ಚಿನ್ನವೇನೋ ಉಳಿಯುತ್ತದೆ. ಆ ಮಾತು ಮಾತ್ರ ಮತ್ತೆ ಹುಟ್ಟುವುದಿಲ್ಲ.

ಇನ್ನು ಕಾನೂನಿನ ಮಾತು. 1878ರ ನಿಧಿ ಕಾಯಿದೆಯ ಪ್ರಕಾರ ಹತ್ತು ರೂಪಾಯಿಗೆ ಮೀರಿದ ನಿಧಿ ಸಿಕ್ಕಿದವನು ಕಲೆಕ್ಟರಿಗೆ ತಿಳಿಸಬೇಕು. ವಾರಸುದಾರರಿಲ್ಲವೆಂದು ತೀರ್ಮಾನವಾದರೆ, ಬೇರೆ ಒಪ್ಪಂದವಿಲ್ಲದಾಗ ಸಿಕ್ಕಿದವನಿಗೆ ಮುಕ್ಕಾಲು, ನೆಲದ ಒಡೆಯನಿಗೆ ಕಾಲು. ಸರ್ಕಾರವೇ ಕೊಳ್ಳುವುದಾದರೆ ಲೋಹದ ಬೆಲೆಯ ಮೇಲೆ ಅದರ ಐದನೆಯ ಒಂದು ಪಾಲನ್ನು ಸೇರಿಸಿ ಕೊಡಬೇಕು. ನಮ್ಮ ರಾಜ್ಯಕ್ಕೆ 1962ರಲ್ಲಿ ತನ್ನದೇ ಆದ ಕಾಯಿದೆ ಬಂದಿತು. 1878ರ ಕಾಯಿದೆ ಸಿಕ್ಕಿದವನ ಹಕ್ಕನ್ನು ಮನ್ನಿಸಿತ್ತು, ನಿಜ. ಆದರೆ ಅದೂ ಚಿನಿವಾರನಂತೆ ಲೋಹವನ್ನೇ ತೂಗಿ ನೋಡಿತು. ಸಾಮಾನ್ಯ ಜನರ ಅಂಗೈಯಲ್ಲಿ ಓಡಾಡಿದ ನಾಲ್ಕಾರು ತಾಮ್ರದ ಕಾಸುಗಳು ಅಂದು ಹತ್ತು ರೂಪಾಯಿಯ ಗೆರೆಯನ್ನು ಮುಟ್ಟುವಂತಿರಲಿಲ್ಲ. ಮೇಲಾಗಿ, ಕೂಲಿಯವನಿಗೆ ಕಚೇರಿಯ ಅಲೆದಾಟಕ್ಕಿಂತ ಅಕ್ಕಸಾಲೆಯ ಅಂಗಡಿ ಹತ್ತಿರ. ಅರ್ಜಿ ಕೊಟ್ಟರೆ ಅನುಮಾನ, ಕೊಡದಿದ್ದರೆ ಅಪರಾಧ. ನಡುವೆ ಮೂಸೆಯೊಂದು ಬಾಯಿ ತೆರೆದು ಕಾದಿರುತ್ತದೆ. ನಿಧಿಯಾಸೆಯಿಂದ ಹಂಪೆಯ ಗುಡಿಗಳ ಪೀಠಗಳನ್ನು ಅಗೆದವರ ಪಾಪ ಬೇರೆ. ಉಳುವಾಗ ನೇಗಿಲಿಗೆ ಮಡಕೆ ತಗುಲಿದವನ ಸಂಕಟ ಬೇರೆ. ಎರಡನ್ನೂ ಒಂದೇ ಕಣ್ಣಿನಿಂದ ನೋಡಿದರೆ ಎರಡನೆಯವನು ಬಾಯಿ ಬಿಡುವುದಿಲ್ಲ.

ಇಂದು ನಾಣ್ಯ ಕೂಡಿಡುವವರಲ್ಲಿ ಬ್ಯಾಂಕಿನ ನೌಕರರಿದ್ದಾರೆ, ಅಧ್ಯಾಪಕರಿದ್ದಾರೆ, ವ್ಯಾಪಾರಿಗಳಿದ್ದಾರೆ. ನಾಣ್ಯದ ವ್ಯಾಪಾರವನ್ನೇ ಜೀವನ ಮಾಡಿಕೊಂಡವರೂ ಹರಾಜಿನ ಸಂಸ್ಥೆಗಳೂ ಇವೆ. 1972ರ ಪ್ರಾಚ್ಯವಸ್ತು ಕಾಯಿದೆ ನೂರು ವರ್ಷ ಮೀರಿದ ನಾಣ್ಯವನ್ನು ಪ್ರಾಚ್ಯವಸ್ತುವೆಂದು ಎಣಿಸಿ, ಖಾಸಗಿಯವರು ಅದನ್ನು ಹೊರದೇಶಕ್ಕೆ ಸಾಗಿಸುವುದನ್ನು ನಿಷೇಧಿಸಿದೆ. ಸಂಗ್ರಾಹಕರು ಕೊಡುವ ಬೆಲೆ ಲೋಹದ ಬೆಲೆಯನ್ನು ಮೀರಿದಲ್ಲೆಲ್ಲ ನಾಣ್ಯ ಮೂಸೆಯಿಂದ ಪಾರಾಗುತ್ತದೆ. ಇದು ಸಂತೋಷದ ಸಂಗತಿ. ಆದರೆ ಮೂಸೆ ನಾಣ್ಯವನ್ನು ಕರಗಿಸಿದಂತೆಯೇ ಪೇಟೆ ಅದರ ಊರನ್ನು ಕರಗಿಸುತ್ತದೆ. ಸಿಕ್ಕ ಊರನ್ನು ಹೇಳಿದರೆ ತೊಂದರೆಯಾದೀತೆಂದು ಮಾರುವವನು ಬಾಯಿ ಮುಚ್ಚಿಕೊಳ್ಳುತ್ತಾನೆ, ಕೊಳ್ಳುವವನು ಕೇಳುವುದಿಲ್ಲ. ಹೀಗೆ ನಾಣ್ಯ ಉಳಿದರೂ ಇತಿಹಾಸ ಅರ್ಧವೇ ಉಳಿಯುತ್ತದೆ.

ಆದ್ದರಿಂದ ಸಂಗ್ರಾಹಕನ ಕಸುಬು ಯಾವುದೆಂಬುದಕ್ಕಿಂತ, ಆ ಕಸುಬು ಅವನಿಗೆ ಕಲಿಸಿದ ಶಿಸ್ತನ್ನು ಅವನು ನಾಣ್ಯಕ್ಕೂ ಸಲ್ಲಿಸಿದನೇ ಎಂಬುದು ಮುಖ್ಯ. ಮೋಜಣಿದಾರನಿಗೆ ಜಾಗದ ಬೆಲೆ ಗೊತ್ತು, ವೈದ್ಯನಿಗೆ ಲಕ್ಷಣಗಳನ್ನು ಬರೆದಿಡುವುದು ಗೊತ್ತು, ವಕೀಲನಿಗೆ ಸಾಕ್ಷಿಯ ಬೆಲೆ ಗೊತ್ತು, ಬ್ಯಾಂಕಿನವನಿಗೆ ಲೆಕ್ಕದ ಪುಸ್ತಕ ಗೊತ್ತು. ಒಂದು ಚಿಕ್ಕ ಚೀಟಿ ಸಾಕು: ಸಿಕ್ಕ ಊರು, ಸಿಕ್ಕ ಬಗೆ, ಜೊತೆಗಿದ್ದ ವಸ್ತುಗಳು, ದಿನಾಂಕ. ಕಮಲಾಪುರದ ವಸ್ತುಸಂಗ್ರಹಾಲಯ ಹಂಪೆಯ ಮಗ್ಗುಲಲ್ಲಿಯೇ ಇದೆ; 1991ರಲ್ಲಿ ಸ್ಥಾಪನೆಯಾದ ಕನ್ನಡ ವಿಶ್ವವಿದ್ಯಾಲಯವೂ ಇಲ್ಲಿಯೇ ಇದೆ. ಕೇಳಿ ತಿಳಿಯಲು ಮದ್ರಾಸಿಗೂ ಲಂಡನ್ನಿಗೂ ಹೋಗಬೇಕಾದ ಕಾಲ ಇದಲ್ಲ. ಗಣಿ, ಕಾಲುವೆ, ರಸ್ತೆ, ಮನೆಯ ಪಾಯ ಎಂದು ಈ ಸೀಮೆಯ ಮಣ್ಣು ದಿನವೂ ಮಗುಚಿ ಬೀಳುತ್ತಿದೆ. ಅದರೊಳಗಿಂದ ಏಳುವ ನಾಣ್ಯವನ್ನು ಮೊದಲು ಕಾಣುವವನು ವಿದ್ವಾಂಸನಲ್ಲ, ಗುದ್ದಲಿ ಹಿಡಿದವನು. ಅವನಿಗೆ ನ್ಯಾಯವಾದ ಬೆಲೆಯೂ ಅಂಜಿಕೆಯಿಲ್ಲದ ಒಂದು ಬಾಗಿಲೂ ದೊರೆತರೆ, ವಿಜಯನಗರದ ಆರ್ಥಿಕ ಚರಿತ್ರೆಯ ಇನ್ನೂ ಬರೆಯದ ಪುಟಗಳಿಗೆ ಮೊದಲ ಸಾಲು ಅವನೇ ಒದಗಿಸಿಕೊಟ್ಟಾನು.