ಪ್ರಾರ್ಥನಾಸಭೆಯ ತೆರೆದ ಬಾಗಿಲು

ಆಹಾರದಲ್ಲಿ ಮಿತಿ ತಪ್ಪಿದರೆ ದೇಹವು ಕೆಡುವುದು. ಕ್ರೋಧದಲ್ಲಿ ಮಿತಿ ತಪ್ಪಿದರೆ ರಾಜ್ಯವು ಕೆಡುವುದು. ಈ ಎರಡು ಕೇಡುಗಳನ್ನೂ ಒಂದೇ ರೋಗದ ಎರಡು ಲಕ್ಷಣಗಳೆಂದು ತಿಳಿದು, ಸರ್ವಜನರ ಮುಂದೆ ಬಯಲಿನಲ್ಲಿ ಕುಳಿತು ವಿಚಾರ ಮಾಡಿದವರು ಮಹಾತ್ಮಾ ಗಾಂಧಿಯವರು. ಅವರ ಸಾಯಂಪ್ರಾರ್ಥನೆಯ ಸಭೆಗಳ ಇತಿಹಾಸವು ಸದ್ಭಕ್ತರೆಲ್ಲರೂ ಮನನ ಮಾಡತಕ್ಕುದಾಗಿದೆ.

1927ರಲ್ಲಿ ಗಾಂಧಿಯವರು ರಕ್ತದ ಒತ್ತಡದಿಂದ ಬಳಲಿ, ನಂದಿಬೆಟ್ಟದಲ್ಲಿ ವಿಶ್ರಾಂತಿ ಪಡೆದು ಚೇತರಿಸಿಕೊಂಡ ಸಂಗತಿಯನ್ನು ಕನ್ನಡನಾಡು ಬಲ್ಲದು. 1942ರಲ್ಲಿ ಪುಣೆಯ ಆಗಾಖಾನ್ ಅರಮನೆಯಲ್ಲಿ ಬಂಧನದಲ್ಲಿದ್ದಾಗ ಅವರು ಆರೋಗ್ಯವನ್ನು ಕುರಿತು ಒಂದು ಕಿರುಹೊತ್ತಗೆಯನ್ನು ರಚಿಸಿ, ಪಂಚಭೂತಗಳಿಂದಲೇ ಆಗುವ ಚಿಕಿತ್ಸೆಯನ್ನು ಅದರಲ್ಲಿ ವಿವರಿಸಿದರು. 1946ರ ಮಾರ್ಚಿಯಲ್ಲಿ ಪುಣೆಯ ಸಮೀಪದ ಉರುಳಿಕಾಂಚನವೆಂಬ ಗ್ರಾಮದಲ್ಲಿ ಬಡ ರೋಗಿಗಳನ್ನು ತಾವೇ ಕಂಡು, ಮಿತಾಹಾರ, ಬಿಸಿಲಸ್ನಾನ, ಕಟಿಸ್ನಾನ, ಮಣ್ಣಿನ ಪಟ್ಟಿ ಇವುಗಳನ್ನೂ ಇವುಗಳೊಡನೆ ರಾಮನಾಮವನ್ನೂ ವಿಧಿಸಿದರು.

ಅದೇ ವರ್ಷದ ಆಗಸ್ಟ್ 16ರಂದು ಕಲಕತ್ತೆಯಲ್ಲಿ ಹತ್ಯಾಕಾಂಡವು ಮೊದಲಾಯಿತು. ಅಕ್ಟೋಬರಿನಲ್ಲಿ ಆ ಬೆಂಕಿಯು ಪೂರ್ವಬಂಗಾಳದ ನೌಖಾಲಿಗೂ ಹಬ್ಬಿತು. ಎಪ್ಪತ್ತೇಳು ವರ್ಷದ ಗಾಂಧಿಯವರು ಅಲ್ಲಿಗೆ ತೆರಳಿ, 1947ರ ಜನವರಿಯಿಂದ ಬರಿಗಾಲಿನಲ್ಲಿ ಹಳ್ಳಿಹಳ್ಳಿಗೆ ನಡೆದರು. ದಾರಿಯಲ್ಲಿ ದ್ವೇಷಿಗಳು ಹರಡಿದ್ದ ಹೊಲಸನ್ನು ಒಣಗಿದ ಎಲೆಗಳಿಂದ ತಾವೇ ತೆಗೆದರು. ಸಂಜೆಯ ಪ್ರಾರ್ಥನೆಯ ತರುವಾಯ ಹಿಂದೂ ಮುಸಲ್ಮಾನರಿಬ್ಬರಿಗೂ ನಿರ್ಭಯತೆಯನ್ನೂ ಗ್ರಾಮನೈರ್ಮಲ್ಯವನ್ನೂ ಬೋಧಿಸಿದರು. ಹೊರಗಣ ಹೊಲಸು, ಒಳಗಣ ಹಗೆ ಎರಡನ್ನೂ ತೊಳೆಯಬೇಕೆಂಬುದೇ ಅವರ ನಡೆಯ ಅರ್ಥವಾಗಿತ್ತು.

1947ರ ಸೆಪ್ಟೆಂಬರಿನಲ್ಲಿ ಅವರು ದೆಹಲಿಗೆ ಬಂದರು. ಬಿರ್ಲಾಭವನದ ತೋಟದಲ್ಲಿ ಸಂಜೆ ಐದು ಗಂಟೆಗೆ ಸಭೆ ಸೇರುತ್ತಿತ್ತು. ಬರುವವರಿಗೆ ಹಣದ ಕಟ್ಟಳೆಯಿಲ್ಲ, ಜಾತಿಯ ಕಟ್ಟಳೆಯಿಲ್ಲ. ನಿರಾಶ್ರಿತರಿಗೆ ಬೇಕಾದ ಕಂಬಳಿ, ಧಾನ್ಯದ ಮೇಲಿನ ನಿರ್ಬಂಧ, ನಗರದ ಕೊಲೆಗಳು, ಎಲ್ಲವೂ ಅಲ್ಲಿ ಚರ್ಚೆಗೆ ಬರುತ್ತಿದ್ದುವು. ಕುರಾನಿನ ಪಠನಕ್ಕೆ ಕೆಲವರು ಅಡ್ಡಿಮಾಡಿದಾಗ, ಅವರನ್ನು ಬಲದಿಂದ ಅಡಗಿಸಲು ಒಪ್ಪದೆ ಪ್ರಾರ್ಥನೆಯನ್ನೇ ನಿಲ್ಲಿಸಿದ ದಿನಗಳೂ ಉಂಟು.

1948ರ ಜನವರಿ 13ರಿಂದ 18ರ ವರೆಗೆ ಅವರು ಕೋಮುಸೌಹಾರ್ದಕ್ಕಾಗಿ ಉಪವಾಸ ಮಾಡಿದರು. ಉಪವಾಸವು ಮುಗಿದ ಎರಡನೆಯ ದಿನ ಸಭೆಯ ಬಳಿ ಬಾಂಬು ಸಿಡಿಯಿತು. ಸಿಡಿಸಿದ ತರುಣನನ್ನು ದ್ವೇಷಿಸಬಾರದೆಂದು ಗಾಂಧಿಯವರು ಹೇಳಿದರು. ಬರುವವರನ್ನು ಶೋಧಿಸಬೇಕೆಂದು ಸರದಾರ ಪಟೇಲರು ಸೂಚಿಸಿದರೂ ಅವರು ಸಮ್ಮತಿಸಲಿಲ್ಲ. ಜನವರಿ 30ರಂದು, ಶುಕ್ರವಾರ, ಆ ತೆರೆದ ಬಾಗಿಲಿನಿಂದಲೇ ನಾಥೂರಾಮ ಗೋಡ್ಸೆ ಒಳಬಂದನು. ಮೂರು ಗುಂಡುಗಳಿಗೆ ಮಹಾತ್ಮರ ದೇಹವು ಉರುಳಿತು.

ದುಃಖದ ಸಂಗತಿಯು ಇಲ್ಲಿಗೇ ಮುಗಿಯಲಿಲ್ಲ. ಅವರಿಗಾಗಿ ಅಳುತ್ತಿದ್ದೇವೆಂದ ಗುಂಪುಗಳು ಪುಣೆ, ಸಾತಾರಾ, ಸಾಂಗಲಿ, ಕೊಲ್ಹಾಪುರಗಳ ಕಡೆ ನಿರಪರಾಧಿ ಬ್ರಾಹ್ಮಣರ ಮನೆಗಳಿಗೆ ಬೆಂಕಿಯಿಟ್ಟುವು. ಗುರುವಿನ ಹೆಸರು ನಾಲಗೆಯ ಮೇಲಿದ್ದರೂ ಗುರುವಿನ ಬೋಧೆಯು ಕೈಗೆ ಇಳಿದಿರಲಿಲ್ಲ. ಕೊಂದವನು ಒಬ್ಬನಾದರೆ, ಕೇಳಿಯೂ ಕೇಳದವರು ಸಾವಿರಾರು.

ಬಾಗಿಲು ಮುಚ್ಚಿದ್ದರೆ ಮಹಾತ್ಮರ ಪ್ರಾಣವು ಉಳಿಯುತ್ತಿತ್ತೇನೋ. ಆದರೆ ಭಯಪಡಬೇಡಿರೆಂಬ ಅವರ ಮಾತು ಉಳಿಯುತ್ತಿರಲಿಲ್ಲ. ಸತ್ಸಂಗಕ್ಕೆ ಬರುವ ಶಿಷ್ಯರು ತಾವು ಕೇಳಿದುದನ್ನು ಊಟದ ತಟ್ಟೆಯಲ್ಲಿಯೂ ಕೋಪದ ಗಳಿಗೆಯಲ್ಲಿಯೂ ನಡೆಯಿಸಿ ತೋರಿಸಿದಾಗಲೇ ಅಂತಹ ಸಭೆಗಳು ಸಾರ್ಥಕವಾಗುವುವು.