ಎರಂಬರಗೆ: ಸಿಂದರ ಆಳ್ವಿಕೆಯ ಕೇಂದ್ರವೋ, ಕೋಟೆಯೋ?

ಶಾಸನಗಳ ಎರಂಬರಗೆಯೇ ಇಂದಿನ ಕೊಪ್ಪಳ ಜಿಲ್ಲೆಯ ಯಲಬುರ್ಗಾ ಎಂದು ಶಾಸನತಜ್ಞ ಜೆ. ಎಫ್. ಫ್ಲೀಟ್ 19ನೇ ಶತಮಾನದಲ್ಲೇ ಗುರುತಿಸಿದರು. ಕಲ್ಯಾಣದ ಚಾಲುಕ್ಯರ ಮಾಂಡಲಿಕರಾಗಿದ್ದ, ನಾಗವಂಶದವರೆಂದು ಹೇಳಿಕೊಂಡ ಸಿಂದರ ಒಂದು ಶಾಖೆಗೆ ಈ ಊರಿನ ಹೆಸರೇ ನಿಂತಿತು. ಎರಡನೆಯ ಆಚುಗಿ, ಅವನ ಮಕ್ಕಳಾದ ಒಂದನೆಯ ಪೆರ್ಮಾಡಿ ಮತ್ತು ಎರಡನೆಯ ಚಾವುಂಡ 12ನೇ ಶತಮಾನದಲ್ಲಿ ಒಬ್ಬರ ನಂತರ ಒಬ್ಬರು ಆಳಿದ ಬಗ್ಗೆ ತಕರಾರಿಲ್ಲ. ತಕರಾರಿರುವುದು, ಸಿಂದರು ಯಲಬುರ್ಗಾದಲ್ಲಿ ಕುಳಿತೇ ನಾಡಾಳಿದರೆಂಬ ರೂಢಿಯ ತೀರ್ಮಾನದಲ್ಲಿ.

ಭೂಪಟವೇ ಮೊದಲ ಸಂದೇಹ ಹುಟ್ಟಿಸುತ್ತದೆ. ಸಿಂದರು ಆಳಿದ ನಾಡುಗಳು ಕಿಸುಕಾಡು ಎಪ್ಪತ್ತು, ಬಾಗಡಗೆ ಎಪ್ಪತ್ತು, ಕೆಲವಾಡಿ ಮುನ್ನೂರು, ನರೆಯಂಗಲ್ಲು ಹನ್ನೆರಡು. ಕಿಸುಕಾಡಿನ ಮುಖ್ಯ ಪಟ್ಟಣ ಪಟ್ಟದಕಲ್ಲು. ಬಾಗಡಗೆ ಎಂದರೆ ಬಾಗಲಕೋಟೆ. ನರೆಯಂಗಲ್ಲು ಗದಗ ಜಿಲ್ಲೆಯ ನರೇಗಲ್ಲು. ಎಲ್ಲವೂ ಯಲಬುರ್ಗಾದ ಪಡುವಣಕ್ಕೆ, ವಾಯವ್ಯಕ್ಕೆ ಇವೆ. ಮನೆತನದ ಊರು ತನ್ನ ನಾಡಿನ ನಡುವೆ ಇಲ್ಲ, ಮೂಡಣ ಅಂಚಿನಲ್ಲಿದೆ.

ಇದಕ್ಕಿಂತ ತೂಕದ ಆಧಾರ ಪಟ್ಟದಕಲ್ಲಿನದು. ಚಾವುಂಡನ ಕಾಲದ, ಸುಮಾರು 1163ರ ಅಲ್ಲಿನ ಶಾಸನದ ಪ್ರಕಾರ ಅವನ ಹಿರಿಯ ರಾಣಿ ದೇಮಲದೇವಿ ಮತ್ತು ಮಗ ಆಚಿದೇವ ಆ ಪಟ್ಟಣದಿಂದ ಆಡಳಿತ ನಡೆಸುತ್ತಿದ್ದರು. ಪಟ್ಟದರಾಣಿಯೂ ಹಿರಿಯ ಮಗನೂ ಯಲಬುರ್ಗಾದಿಂದ ನೇರ ಗೆರೆಯಲ್ಲೇ ಸುಮಾರು 40 ಕಿ.ಮೀ. ದೂರದಲ್ಲಿ ಅಧಿಕಾರ ನಡೆಸುತ್ತಿದ್ದರೆಂದರೆ, ಆಳ್ವಿಕೆಯ ಕೇಂದ್ರ ಒಂದೇ ಆಗಿತ್ತೆನ್ನುವುದು ಕಷ್ಟ. ಚಾಲುಕ್ಯರ ಹಳೆಯ ಪಟ್ಟಾಭಿಷೇಕದ ಊರಿನಲ್ಲಿ ಮನೆತನದ ಹಿರಿಯರನ್ನು ನೆಲೆಗೊಳಿಸಿದ್ದರಲ್ಲಿ ರಾಜಕೀಯ ಲೆಕ್ಕಾಚಾರ ಇದ್ದಿರಲೂಬಹುದು.

ಹಾಗಾದರೆ ಎರಂಬರಗೆ ಏನಾಗಿತ್ತು? ಹೊಯ್ಸಳ ಇಮ್ಮಡಿ ಬಲ್ಲಾಳನ ವಿಜಯಗಳನ್ನು ಹೇಳುವ ಶಾಸನಗಳಲ್ಲಿ ಅದು ಕುರುಗೋಡು, ಸೊರಟೂರು, ಗುತ್ತಿಗಳ ಸಾಲಿನಲ್ಲಿ, ಅವನು ಗೆದ್ದ ಕೋಟೆಯಾಗಿ ಬರುತ್ತದೆ. ವಿಜೇತನ ಪಟ್ಟಿಯಲ್ಲಿ ಉತ್ಪ್ರೇಕ್ಷೆ ಸಹಜ. ಆದರೂ ಎರಂಬರಗೆಯನ್ನು ಯಾವ ಬಗೆಯ ಊರೆಂದು ಎಣಿಸಿದರು ಎಂಬುದಕ್ಕೆ ಅದು ಸಾಕ್ಷಿ. ಎರಂಬರಗೆ ಮೊದಲಿಗೆ ಮನೆತನದ ಬಲವಾದ ಕೋಟೆ, ಆಡಳಿತದ ಪೀಠ ಆಮೇಲಿನದು ಎಂದು ಈ ಲೇಖನ ಸೂಚಿಸುತ್ತದೆ. ಅರಸ ಅಲ್ಲಿ ನೆಲೆಸಿರಲಿಲ್ಲ ಎಂದಲ್ಲ. ಪೆರ್ಮಾಡಿಯ ಕಾಲಕ್ಕೂ ಚಾವುಂಡನ ಕಾಲಕ್ಕೂ ಸ್ಥಿತಿ ಒಂದೇ ಆಗಿತ್ತು ಎಂದೂ ಅಲ್ಲ. ಅದೇ ಶತಮಾನದಲ್ಲಿ ದಕ್ಷಿಣ ಫ್ರಾನ್ಸಿನ ಟ್ರೆಂಕವೆಲ್ ಮನೆತನವೂ ಕಾರ್ಕಸೋನ್, ಬೆಜಿಯೆ, ನೀಮ್‌ಗಳನ್ನು ಅಣ್ಣತಮ್ಮಂದಿರಲ್ಲಿ ಹಂಚಿಕೊಂಡು ಆಳಿತ್ತು. ಹಂಚಿಹೋದ ಅಧಿಕಾರ ಆ ಕಾಲಕ್ಕೆ ವಿಚಿತ್ರವಲ್ಲ.

ಯಲಬುರ್ಗಾ ಬಳಿಯ ಇಟಗಿಯ ಮಹಾದೇವ ದೇವಾಲಯವನ್ನು ಸಿಂದರ ವೈಭವಕ್ಕೆ ಸಾಕ್ಷಿಯಾಗಿ ತರುವುದು ಮಾತ್ರ ಸಲ್ಲದು. 1112ರಲ್ಲಿ ಅದನ್ನು ಕಟ್ಟಿಸಿದವನು ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ. ಕುಕನೂರಿನ ನವಲಿಂಗ ಗುಡಿಗಳು ರಾಷ್ಟ್ರಕೂಟರ ಕಾಲಕ್ಕೇ ಹೋಗುತ್ತವೆ. ಕಲೆಯ ಹಿರಿಮೆ ಸುತ್ತಲ ಊರುಗಳಿಗೆ ದಕ್ಕಿದೆ.

ದೇಮಲದೇವಿಯ ಆಡಳಿತ ಕಾಯಂ ವ್ಯವಸ್ಥೆಯೋ, ಅರಸ ದಂಡೆತ್ತಿ ಹೋಗಿದ್ದಾಗಿನ ಏರ್ಪಾಡೋ ಎಂಬುದನ್ನು ಒಂದು ಶಾಸನ ಬಗೆಹರಿಸಲಾರದು. ಯಲಬುರ್ಗಾ, ಕುಕನೂರು, ಗಜೇಂದ್ರಗಡದ ಹಳ್ಳಿಗಳ ಸಿಂದ ಶಾಸನಗಳನ್ನು ನೆಲೆವೀಡಿನ, ಅಂದರೆ ಅರಸ ನೆಲೆಸಿದ್ದ ಊರಿನ, ಉಲ್ಲೇಖಕ್ಕಾಗಿಯೇ ಒಟ್ಟಿಗೆ ಇಟ್ಟು ಮತ್ತೊಮ್ಮೆ ಓದಬೇಕಿದೆ.