ಓಲೆಗರಿಯಿಂದ ಅಚ್ಚಿನ ಮೊಳೆಗೆ

ನಮ್ಮ ಸಾಹಿತ್ಯದ ಚರಿತ್ರೆಯನ್ನು ಬರೆಯುವವರು ಕವಿಗಳ ಕಾಲವನ್ನೂ ಮತವನ್ನೂ ಗ್ರಂಥಗಳ ಗುಣದೋಷಗಳನ್ನೂ ಬಹು ಶ್ರಮದಿಂದ ವಿಚಾರಿಸಿರುವರು. ಆದರೆ ಆ ಗ್ರಂಥವು ಯಾವ ವಸ್ತುವಿನ ಮೇಲೆ, ಯಾವ ಆಕಾರದ ಅಕ್ಷರಗಳಲ್ಲಿ, ಯಾರ ಕೈಯಿಂದ ಬರೆಯಲ್ಪಟ್ಟು, ಯಾರ ಕೈಗೆ ಬಂದಿತೆಂಬುದನ್ನು ವಿಚಾರಿಸಿದವರು ವಿರಳ. ಅಕ್ಷರದ ಆಕಾರವೂ ಪುಟದ ಜೋಡಣೆಯೂ ಓದಿನ ರೀತಿಯನ್ನೇ ಮಾರ್ಪಡಿಸುವುವು. ಓದಿನ ರೀತಿಯು ಮಾರ್ಪಟ್ಟಲ್ಲಿ ವಿದ್ಯೆಯ ರೀತಿಯೂ ಮಾರ್ಪಡುವುದು. ಈ ದೃಷ್ಟಿಯಿಂದ ಕನ್ನಡದ ಪುಸ್ತಕವು ಓಲೆಗರಿಯಿಂದ ಅಚ್ಚಿನ ಮೊಳೆಗೆ ಬಂದ ದಾರಿಯನ್ನು ಇಲ್ಲಿ ಕಿಂಚಿತ್ ಅವಲೋಕಿಸಲು ಯತ್ನಿಸಿರುವೆನು.

ಮೊದಲು ಓಲೆಗರಿಯ ಮಾತು. ತಾಳೆಯ ಗರಿಯನ್ನು ಹದಮಾಡಿ, ಒಣಗಿಸಿ, ಸಮನಾಗಿ ಕತ್ತರಿಸಿ, ಕಬ್ಬಿಣದ ಕಂಟದಿಂದ ಅಕ್ಷರಗಳನ್ನು ಕೊರೆದು, ಕಾಡಿಗೆಯ ಮಸಿಯನ್ನು ತೊಡೆದು ಒರಸಿದರೆ, ಕೊರೆದ ಗೆರೆಯಲ್ಲಿ ಮಾತ್ರ ಕಪ್ಪು ನಿಂತು ಅಕ್ಷರವು ಕಾಣಿಸುವುದು. ಗರಿಗಳಿಗೆ ರಂಧ್ರ ಮಾಡಿ, ದಾರ ಪೋಣಿಸಿ, ಮೇಲೆ ಕೆಳಗೆ ಹಲಗೆಗಳನ್ನಿಟ್ಟು ಕಟ್ಟಿದರೆ ಅದೇ ಗ್ರಂಥ. ಗರಿಯ ನಾರು ಉದ್ದಕ್ಕೆ ಓಡುವುದರಿಂದ ಅಡ್ಡಗೆರೆಯನ್ನು ಬಲವಾಗಿ ಎಳೆದಲ್ಲಿ ಗರಿಯು ಸೀಳಿಹೋಗುವುದೆಂದೂ, ಆದುದರಿಂದಲೇ ಕನ್ನಡ ಅಕ್ಷರಗಳು ದುಂಡಗಾದುವೆಂದೂ ಹೇಳುವುದು ವಾಡಿಕೆಯಾಗಿದೆ. ಈ ಮಾತಿನಲ್ಲಿ ಸತ್ಯಾಂಶವಿಲ್ಲವೆಂದು ನಾನು ಹೇಳಲಾರೆನು. ಆದರೆ ಅಡ್ಡಗೆರೆಗೆ ಯಾವ ಅಡ್ಡಿಯೂ ಇಲ್ಲದ ಕಲ್ಲಿನ ಶಾಸನಗಳಲ್ಲಿಯೂ ಅಕ್ಷರಗಳು ದುಂಡಗೆ ಬೆಳೆದುದನ್ನು ನೋಡಿದರೆ, ಗರಿಯೊಂದೇ ಕಾರಣವೆನ್ನುವುದು ದುಡುಕಿನ ಮಾತಾಗುವುದು. ಕಣ್ಣಿನ ಅಭಿರುಚಿಯೆಂಬುದೂ ಒಂದು ಉಂಟಷ್ಟೆ.

ಓಲೆಯಲ್ಲಿ ಪದಗಳ ನಡುವೆ ತೆರವಿಲ್ಲ. ಸಾಲು ಗರಿಯ ಅಂಚಿನಲ್ಲಿ ಮುಗಿಯುವುದೇ ಹೊರತು ಅರ್ಥವು ಮುಗಿದಲ್ಲಿ ಮುಗಿಯುವುದಿಲ್ಲ. ಎಕಾರ ಒಕಾರಗಳ ಹ್ರಸ್ವ ದೀರ್ಘ ಭೇದವನ್ನು ಅನೇಕ ಲಿಪಿಕಾರರು ತೋರಿಸುವುದೇ ಇಲ್ಲ. ಇಂಥ ಓಲೆಯನ್ನು ಕಣ್ಣಿನಿಂದ ಮಾತ್ರ ಓದುವುದು ಕಷ್ಟ; ಬಾಯಿಂದ ಓದಿ ಕಿವಿಯಿಂದ ಕೇಳಿದಾಗಲೇ ಪದವು ಒಡೆದು ಅರ್ಥವು ಹೊಳೆಯುವುದು. ಎಂತಲೇ ಓಲೆಯ ಕಾಲದ ವಿದ್ಯೆಯು ಗುರುವಿನ ಸನ್ನಿಧಿಯನ್ನು ಅಪೇಕ್ಷಿಸುತ್ತಿತ್ತು. ಗ್ರಂಥವು ಕೈಗೆ ಬಂದ ಮಾತ್ರಕ್ಕೆ ವಿದ್ಯೆಯು ಬರುತ್ತಿರಲಿಲ್ಲ.

ಆ ಕಾಲದ ಪಾಠಕ್ರಮವೂ ಇದಕ್ಕೆ ಅನುರೂಪವಾಗಿಯೇ ಇದ್ದಿತು. ಊರೂರಿನ ಐಗಳ ಮಠಗಳಲ್ಲಿ ಬಾಲಕರು ಹಾಸಿದ ಮರಳಿನ ಮೇಲೆ ಬೆರಳಿನಿಂದ ಓನಾಮವನ್ನು ತಿದ್ದಿ, ಅನಂತರ ಹಲಗೆಗೂ ಕಡತಕ್ಕೂ ಬರುತ್ತಿದ್ದರು. ಕಡತವೆಂದರೆ ಹುಣಿಸೆಬೀಜದ ಸರಿಯನ್ನೂ ಇದ್ದಲ ಪುಡಿಯನ್ನೂ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದ ಕಪ್ಪು ಪುಸ್ತಕ. ಅದರ ಮೇಲೆ ಬರೆಯಲು ಬಳಪ. ಸರಕಾರದ ಕಚೇರಿಗಳಲ್ಲಿ ಕಾಗದಗಳ ಕಟ್ಟಿಗೆ ಇಂದಿಗೂ ‘ಕಡತ’ವೆಂಬ ಹೆಸರು ನಿಂತಿದೆ, ಬಟ್ಟೆ ಹೋಯಿತು, ಮಾತು ಉಳಿಯಿತು. ಉತ್ತರ ಕರ್ನಾಟಕದ ಮನೆತನಗಳಲ್ಲಿ ‘ಸಾಲಿಮಠ’ವೆಂಬ ಅಡ್ಡಹೆಸರು ಕೇಳಿಬರುವುದೂ ಸಾಲಿಯೂ ಮಠವೂ ಒಂದೇ ಆಗಿದ್ದ ಆ ಕಾಲದ ಗುರುತೇ ಸರಿ.

ಕನ್ನಡಕ್ಕೆ ಅಚ್ಚು ಬಂದುದು ಪಾದ್ರಿಗಳ ಉದ್ಯೋಗದಿಂದ. 1817ನೆಯ ಇಸವಿಯಲ್ಲಿ ಬಂಗಾಲದ ಶ್ರೀರಾಮಪುರದಲ್ಲಿ ವಿಲಿಯಂ ಕೇರಿಯವರ ಕನ್ನಡ ವ್ಯಾಕರಣವು ಅಚ್ಚಾಯಿತು. ಬಳ್ಳಾರಿಯ ಪಾದ್ರಿಗಳು ಬೈಬಲ್ಲಿನ ಕನ್ನಡ ಅನುವಾದವನ್ನು 1831ರಲ್ಲಿ ಪೂರ್ಣಗೊಳಿಸಿದರು. ಮತಪ್ರಚಾರವು ಅವರ ಉದ್ದೇಶವಾಗಿದ್ದಿತೆಂಬುದು ಸುವಿದಿತವಾದುದು. ಆದರೆ ಅವರು ಎದುರಿಸಿದ ತೊಡಕು ನಮ್ಮೆಲ್ಲರ ತೊಡಕಾಗಿದ್ದಿತು. ಇಂಗ್ಲಿಷ್ ಅಕ್ಷರಗಳು ಒಂದರ ಪಕ್ಕದಲ್ಲೊಂದು ನಿಲ್ಲುವುವು. ಕನ್ನಡದಲ್ಲಿಯೋ ವ್ಯಂಜನಕ್ಕೆ ತಲೆಕಟ್ಟು, ಗುಡಿಸು, ಕೊಂಬು, ಏತ್ವ. ಇವಲ್ಲದೆ ಕೆಳಗೆ ತೂಗುವ ಒತ್ತು. ಒತ್ತಿನ ಕೆಳಗೆ ಮತ್ತೊಂದು ಒತ್ತು ಬರುವುದೂ ಉಂಟು. ಸೀಸದ ಮೊಳೆಯು ಚೌಕವಾದುದು. ಅಕ್ಷರವೋ ಮೇಲಕ್ಕೂ ಕೆಳಕ್ಕೂ ಪಕ್ಕಕ್ಕೂ ಚಾಚುವಂಥದು. ಆದುದರಿಂದ ಇಂಗ್ಲಿಷಿನ ಮೊಳೆ ಜೋಡಿಸುವವನಿಗೆ ಬೇಕಾಗದಷ್ಟು ನೂರಾರು ಬಗೆಯ ಮೊಳೆಗಳು ಕನ್ನಡಕ್ಕೆ ಬೇಕಾದುವು. ಒತ್ತಿಗೆ ಎಡೆ ಬಿಡುವ ಸಲುವಾಗಿ ಸಾಲುಗಳ ನಡುವೆ ಹೆಚ್ಚು ತೆರವನ್ನೂ ಕೊಡಬೇಕಾಯಿತು. ಕಾಗದದ ಖರ್ಚೂ ಅದರೊಡನೆ ಏರಿತು.

ಈ ತೊಡಕನ್ನು ಮಂಗಳೂರಿನ ಬಾಸೆಲ್ ಮಿಶನ್ನಿನವರು ಮೊದಲಲ್ಲಿ ಬೇರೊಂದು ಉಪಾಯದಿಂದ ದಾಟಿದರು. ಅವರದು ಕಲ್ಲಚ್ಚು. ಒಳ್ಳೆಯ ಲಿಪಿಕಾರನು ಬರೆದುದನ್ನು ಕಲ್ಲಿಗೆ ಇಳಿಸಿ ಅಚ್ಚೊತ್ತಿದರೆ ಮೊಳೆಯ ಗೊಡವೆಯೇ ಇಲ್ಲ. 1843ರ ಜುಲೈ ತಿಂಗಳಲ್ಲಿ ಹರ್ಮನ್ ಮೋಗ್ಲಿಂಗ್ ಸಾಹೇಬರು ಹೊರಡಿಸಿದ ‘ಮಂಗಳೂರ ಸಮಾಚಾರ’ವು ಕಲ್ಲಚ್ಚಿನಲ್ಲಿಯೇ ಬಂದಿತು, ಮರುವರ್ಷ ಪತ್ರಿಕೆಯು ಬಳ್ಳಾರಿಗೆ ಹೋಗಿ ಮೊಳೆಯಚ್ಚನ್ನು ಕಂಡಿತು. 1848ರಿಂದ ಮುಂದಕ್ಕೆ, ಕ್ಯಾಸಮೇಜರ್ ಎಂಬ ನಿವೃತ್ತ ನ್ಯಾಯಾಧೀಶರ ದ್ರವ್ಯಸಹಾಯದಿಂದ, ಮೋಗ್ಲಿಂಗರು ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಎಂಬ ಮಾಲೆಯಲ್ಲಿ ಜೈಮಿನಿಭಾರತ, ದಾಸರ ಪದಗಳು, ಬಸವಪುರಾಣ ಮೊದಲಾದುವನ್ನು ಕಲ್ಲಚ್ಚಿನಲ್ಲಿ ಪ್ರಕಟಿಸಿದರು. ಪರಮತದ ಪಾದ್ರಿಯೊಬ್ಬನು ಬಸವಪುರಾಣವನ್ನು ಅಚ್ಚುಮಾಡಿಸಿದನೆಂಬುದು ವಿಚಿತ್ರವಾಗಿ ತೋರಬಹುದು. ಜನರ ಮನಸ್ಸನ್ನು ಅರಿಯದೆ ಅವರ ಭಾಷೆಯನ್ನು ಅರಿಯಲಾಗದೆಂಬುದು ಅವನಿಗೆ ಗೊತ್ತಿದ್ದಿತು. ಕಲ್ಲಚ್ಚಿನ ಆ ಪುಟಗಳಲ್ಲಿ ಓಲೆಯ ಲಿಪಿಕಾರನ ಕೈಯೇ ಕಾಗದದ ಮೇಲೆ ಮುಂದುವರಿದಂತೆ ಇದೆ.

ಮೊಳೆಯಚ್ಚು ಬಲಿತ ಮೇಲೆ ಬಂದವರು ಕಿಟ್ಟೆಲ್ ಮಹಾಶಯರು. ಕೇಶಿರಾಜನ ಶಬ್ದಮಣಿದರ್ಪಣವನ್ನು 1872ರಲ್ಲಿಯೂ, ಇಪ್ಪತ್ತು ವರ್ಷಕ್ಕೂ ಮಿಕ್ಕ ದುಡಿಮೆಯ ಫಲವಾದ ಕನ್ನಡ-ಇಂಗ್ಲಿಷ್ ನಿಘಂಟನ್ನು 1894ರಲ್ಲಿಯೂ ಅವರು ಮಂಗಳೂರಿನಿಂದ ಪ್ರಕಟಿಸಿದರು. ಹಳಗನ್ನಡವನ್ನು ಶುದ್ಧವಾಗಿ ಅಚ್ಚುಮಾಡಬೇಕಾದರೆ ನಡುಗಾಲದಲ್ಲಿಯೇ ಬಳಕೆ ತಪ್ಪಿದ್ದ ಱಕಾರ ೞಕಾರಗಳಿಗೂ ಮೊಳೆ ಬೇಕಷ್ಟೆ. ಜನರ ಬಾಯಿಂದ ಹೋಗಿದ್ದ ಎರಡು ಅಕ್ಷರಗಳು ಹೀಗೆ ಸೀಸದಲ್ಲಿ ಮರಳಿ ಹುಟ್ಟಿದುವು. ಪಂಡಿತರ ವಿಚಾರವು ಮೊಳೆಯನ್ನು ಬೇಡಿತು. ಮೊಳೆ ಬಂದುದರಿಂದ ಪಂಡಿತರ ವಿಚಾರವು ನಿಂತಿತು.

ಇತ್ತ ಮುಂಬಯಿ ಕರ್ನಾಟಕದ ಸಾಲಿಗಳ ಅವಸ್ಥೆಯು ಬೇರೆಯಾಗಿದ್ದಿತು. ಕನ್ನಡ ನಾಡಿನಲ್ಲಿಯೇ ಮರಾಠಿಯು ಕಚೇರಿಯನ್ನೂ ಪಾಠಶಾಲೆಯನ್ನೂ ಆಳುತ್ತಿದ್ದು, ಲೆಕ್ಕಪತ್ರಗಳು ಮೋಡಿಯಲ್ಲಿ ಇರುತ್ತಿದ್ದುವು. ಡೆಪ್ಯುಟಿ ಚನ್ನಬಸಪ್ಪನವರು (1834-1881) ರಸೆಲ್ ಸಾಹೇಬರ ಬೆಂಬಲದಿಂದ ಕನ್ನಡ ಸಾಲಿಗಳನ್ನು ಬೆಳೆಸಿ ಕನ್ನಡದ ಪಠ್ಯಪುಸ್ತಕಗಳಿಗೆ ದಾರಿಮಾಡಿದರು. 1890ರಲ್ಲಿ ಧಾರವಾಡದಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘವು ಗ್ರಂಥರಚನೆಗೆ ಉತ್ತೇಜನ ಕೊಟ್ಟಿತು. ಇವರ ಉಪಕಾರವನ್ನು ಬೇರೆ ಲೇಖನದಲ್ಲಿ ವಿಸ್ತರಿಸುವುದೇ ಯೋಗ್ಯ.

ಈಗ ನಮ್ಮ ವಿಷಯದ ತಿರುಳಿಗೆ ಬರೋಣ. ಧಾರವಾಡದಲ್ಲಿ 1880ರಲ್ಲಿ ಜನಿಸಿ, 1904ರಲ್ಲಿ ಕಾನೂನಿನ ಪದವಿಯನ್ನು ಪಡೆದು ವಿಜಾಪುರದಲ್ಲಿ, ಎಂದರೆ ಇಂದಿನ ವಿಜಯಪುರದಲ್ಲಿ, ವಕೀಲಿ ನಡೆಸಿದ ಫ. ಗು. ಹಳಕಟ್ಟಿಯವರು ಮಠಗಳ ಮತ್ತು ಮನೆಗಳ ಜಂತಿಗಳಿಂದ ಓಲೆಯ ಕಟ್ಟುಗಳನ್ನು ಇಳಿಸತೊಡಗಿದರು. ಜನರು ಆ ಕಟ್ಟುಗಳಿಗೆ ವಿಭೂತಿ ಹಚ್ಚಿ ಪೂಜಿಸುತ್ತಿದ್ದರು, ಬಿಚ್ಚಿ ಓದುತ್ತಿರಲಿಲ್ಲ. ಹುಳು ಹಿಡಿದುವನ್ನು ಹೊಳೆಗೆ ಬಿಡುತ್ತಿದ್ದರು. ಈ ಮಾತನ್ನು ಮಠದ ಸ್ಮಾರಕ ಗ್ರಂಥದಲ್ಲಿ ಬರೆಯುವುದು ಸಂಕೋಚಕರವಾದರೂ ಮುಚ್ಚಿಡುವುದು ಯುಕ್ತವಲ್ಲ. ಭಕ್ತಿಯಿಂದಲೇ ಓಲೆಗಳು ಏಳು ನೂರು ವರ್ಷ ಪ್ರತಿಯಿಂದ ಪ್ರತಿಗೆ ಉಳಿದುವು. ಕುರುಡು ಭಕ್ತಿಯಿಂದಲೇ ಅವುಗಳಲ್ಲಿ ಎಷ್ಟೋ ನೀರುಪಾಲಾದುವು.

ಹಳಕಟ್ಟಿಯವರಿಗಿಂತ ಮೊದಲೇ ಕೆಲವು ವಚನಗಳು ಅಚ್ಚಾಗಿದ್ದುವೆಂಬುದು ನಿಜ. ಆದರೆ 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾದ ಅವರ ‘ವಚನಶಾಸ್ತ್ರಸಾರ’ದ ಮೊದಲ ಭಾಗವು ಪಂಡಿತರ ಆಚೆಗೆ ಸಾಮಾನ್ಯ ವಾಚಕರನ್ನೂ ಮುಟ್ಟಿತು. ಪರರ ಅಚ್ಚುಕೂಟವನ್ನು ನಂಬಿ ಕೆಲಸ ಸಾಗದೆಂದು ಕಂಡು 1925ರಲ್ಲಿ ಅವರು ತಮ್ಮ ಮನೆಯನ್ನು ಮಾರಿ ‘ಹಿತಚಿಂತಕ’ ಮುದ್ರಣಾಲಯವನ್ನು ಸ್ಥಾಪಿಸಿದರು; 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿ ಮೂರು ದಶಕಗಳಿಗೂ ಮಿಕ್ಕಿ ನಡೆಯಿಸಿದರು. ಮೊದಲು ಹೆಸರು ತಿಳಿದಿದ್ದ ವಚನಕಾರರು ಸುಮಾರು 50 ಜನ. ಅವರ ಶೋಧದಿಂದ ಅದು 200ನ್ನು ಮೀರಿತು. 1910ರಲ್ಲಿ ವಿಜಾಪುರದಲ್ಲಿ ಲಿಂಗಾಯತ ವಿದ್ಯಾಸಂಸ್ಥೆಯನ್ನು ಕಟ್ಟಿದವರೂ ಅವರೇ. ಸಂಶೋಧಕನೂ ಮುದ್ರಕನೂ ಶಿಕ್ಷಣ ಸಂಸ್ಥಾಪಕನೂ ಒಬ್ಬನೇ ಆಗಿದ್ದ ಉದಾಹರಣೆ ನಮ್ಮ ನಾಡಿನಲ್ಲಿ ಹೆಚ್ಚಿಲ್ಲ.

ಅವರ ಗ್ರಂಥದ ಜೋಡಣೆಯನ್ನು ಸುಜ್ಞ ವಾಚಕರು ಗಮನಿಸಬೇಕು. ಹನ್ನೆರಡನೆಯ ಶತಮಾನದ ಶರಣರ ಮಾತುಗಳನ್ನು ಹದಿನೈದನೆಯ ಶತಮಾನದ ಸಂಕಲನಕಾರರು ಸ್ಥಲಕಟ್ಟಿಗೆ ಅಳವಡಿಸಿದರು. ಶೂನ್ಯಸಂಪಾದನೆಯನ್ನು ರಚಿಸಿದವರು ಅವನ್ನು ಸಂವಾದವಾಗಿ ಹೆಣೆದರು. ಹಳಕಟ್ಟಿಯವರಾದರೋ ಆಧುನಿಕ ವಿದ್ಯಾರ್ಥಿಯನ್ನು ಕಣ್ಣಮುಂದೆ ಇಟ್ಟುಕೊಂಡು ವಿಷಯಾನುಸಾರವಾಗಿ ವಿಂಗಡಿಸಿ, ತಲೆಬರಹಗಳನ್ನು ಕೊಟ್ಟರು. ಬೇರೆ ಬೇರೆ ಶರಣರ ವಚನಗಳು ಒಂದೇ ವಿಷಯದ ಕೆಳಗೆ ಪಕ್ಕಪಕ್ಕದಲ್ಲಿ ನಿಂತುವು. ಇದರಿಂದ ವಚನಗಳು ಒಂದು ಶಾಸ್ತ್ರವಾಗಿ ಕಾಣಿಸಿದುದು ಲಾಭ. ಒಬ್ಬೊಬ್ಬ ಶರಣರ ದನಿಯು ಚದುರಿಹೋದುದು ನಷ್ಟ. ಬಿಡಿ ಬಿಡಿಯಾದ ಶರಣರ ಸಂಪುಟಗಳು ಬಂದ ಮೇಲೆ ಮಾತ್ರ ಆ ನಷ್ಟವು ತುಂಬಿತು.

ಮತ್ತೊಂದು ಪ್ರಶ್ನೆಯು ಇದಕ್ಕಿಂತಲೂ ಸೂಕ್ಷ್ಮವಾದುದು. ವಚನವು ಗದ್ಯವೋ ಪದ್ಯವೋ? ಓಲೆಯು ಇದಕ್ಕೆ ಉತ್ತರ ಕೊಡುವುದಿಲ್ಲ. ಅಲ್ಲಿ ಷಟ್ಪದಿಯೂ ಒಂದೇ ಓಟ, ವಚನವೂ ಒಂದೇ ಓಟ. ವಚನವು ಮುಗಿಯಿತೆಂದು ತಿಳಿಸುವುದು ಕೊನೆಯ ಅಂಕಿತವೇ. ಅಚ್ಚಿನ ಪುಟದಲ್ಲಿಯಾದರೋ ಸಂಪಾದಕನು ನಿರ್ಣಯಿಸಲೇಬೇಕು. ಗದ್ಯದಂತೆ ಉದ್ದಕ್ಕೆ ಅಚ್ಚುಮಾಡಿದ ಪುಸ್ತಕಗಳೂ ಉಂಟು, ಅರ್ಥದ ನಿಲುಗಡೆಗೆ ಸಾಲನ್ನು ಮುರಿದು ಕವಿತೆಯಂತೆ ಜೋಡಿಸಿದ ಪುಸ್ತಕಗಳೂ ಉಂಟು. ಮೊದಲನೆಯದನ್ನು ಓದಿದ ವಿದ್ಯಾರ್ಥಿಯು ವಚನವನ್ನು ಉಪದೇಶವೆಂದು ತಿಳಿಯುವನು. ಎರಡನೆಯದನ್ನು ಓದಿದವನು ಕಾವ್ಯವೆಂದು ತಿಳಿಯುವನು. ಅಕ್ಷರವೊಂದೂ ಬದಲಾಗಿಲ್ಲ, ಬದಲಾದುದು ಮೊಳೆ ಜೋಡಿಸುವವನು ಸಾಲಿನ ತುದಿಯಲ್ಲಿ ಬಿಟ್ಟ ತೆರವು ಮಾತ್ರ. ನನ್ನ ಮಟ್ಟಿಗೆ ಸಾಲು ಮುರಿದ ಜೋಡಣೆಯೇ ಕಿವಿಗೆ ಹತ್ತಿರವಾದುದು. ಓಲೆಯನ್ನು ಬಾಯಿಬಿಟ್ಟು ಓದುತ್ತಿದ್ದಾಗಿನ ಉಸಿರಿನ ನಿಲುಗಡೆಯು ಅಲ್ಲಿ ಕಣ್ಣಿಗೆ ಕಾಣಿಸುವುದು. ಆದರೆ ಹಾಗೆ ಮುರಿಯುವಾಗ ಸಂಪಾದಕನು ತನ್ನ ಉಸಿರನ್ನೇ ಶರಣರ ಉಸಿರೆಂದು ಭ್ರಮಿಸುವ ಭಯವೂ ಇಲ್ಲದಿಲ್ಲ.

ಹಳಕಟ್ಟಿಯವರು 1964ರ ಜೂನ್ ತಿಂಗಳಲ್ಲಿ ಲಿಂಗೈಕ್ಯರಾದರು. ಕರ್ನಾಟಕ ಸರಕಾರವು 1993ರಲ್ಲಿ 15 ಸಂಪುಟಗಳಲ್ಲಿ ಸಮಗ್ರ ವಚನ ಸಂಪುಟವನ್ನು ಪ್ರಕಟಿಸಿತು. ಆ ಹೊತ್ತಿಗೆ ಸೀಸದ ಮೊಳೆಗಳ ಕಾಲವು ತೀರುತ್ತ ಬಂದಿದ್ದು ಗಣಕಯಂತ್ರದ ಅಕ್ಷರಗಳು ತಲೆದೋರಿದ್ದುವು. ಒತ್ತಕ್ಷರವನ್ನು ಎಲ್ಲಿ ತೂಗಿಸಬೇಕೆಂಬ ಶ್ರೀರಾಮಪುರದ ಆ ಹಳೆಯ ತೊಡಕು ಹೊಸ ಯಂತ್ರದವರಿಗೂ ಬಂದಿತು. ಜಂತಿಯ ಮೇಲಿನ ಕಟ್ಟುಗಳಲ್ಲಿ ಇನ್ನೂ ಬಿಚ್ಚದುವು ಇವೆ.